ಪೂಜಿ, ಸೂಜಿ, ರೊಟ್ಟಿ

ಆ ತಾಯಿ ದಿನಾ ಮುಂಜಾನೆ ನಾನು ಆಸ್ಪತ್ರೆಯ ಬಾಗಿಲು ತೆಗೆಯುವ ಮೊದಲೇ ಬಂದು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಹಣೆಯ ವಿಭೂತಿ ಇನ್ನೂ ಹಸಿಯಾಗಿರುತ್ತಿತ್ತು. ಮಡಿಲಲ್ಲಿ ಬಟ್ಟೆಯಲ್ಲಿ ಕಟ್ಟಿದ ಎರಡು ಜೋಳದ ರೊಟ್ಟಿ. ನಾನು ಗಾಜಿನ ಸಿರಿಂಜನ್ನು ಸ್ಪಿರಿಟ್ ದೀಪದ ಮೇಲೆ ಕುದಿಸಿ, ಇನ್ಸುಲಿನ್ ಎಳೆದು ಅವರ ತೊಡೆಗೆ ಚುಚ್ಚುತ್ತಿದ್ದೆ. ಸ್ವಲ್ಪ ಹೊತ್ತು ಬಿಟ್ಟು ಅವರು ಅಲ್ಲೇ ರೊಟ್ಟಿ ತಿಂದು, ಬಾಯಿ ಮುಕ್ಕಳಿಸಿ ಮನೆಗೆ ಹೋಗುತ್ತಿದ್ದರು.

ಮೊದಮೊದಲು ಹೀಗಿರಲಿಲ್ಲ. ಒಂದು ದಿನ ತಿಂದು ಬರುವುದು, ಒಂದು ದಿನ ಸೂಜಿ ಮಾಡಿಸಿಕೊಂಡು ಏನೂ ತಿನ್ನದೆ ಹೊಲಕ್ಕೆ ಹೋಗುವುದು. ಸಕ್ಕರೆ ರೋಗದವರಿಗೆ ಎರಡನೆಯದು ಜೀವಕ್ಕೇ ಅಪಾಯ. ಬೆಳಗಿನ ಲಿಂಗಪೂಜೆ ಆಗುವ ತನಕ ಅವರು ನೀರನ್ನೂ ಮುಟ್ಟುವವರಲ್ಲ. ಹಾಗಾಗಿ ನಾನು ಮೂರು ಶಬ್ದದ ಪಾಠ ಮಾಡಿಕೊಟ್ಟೆ: ಪೂಜಿ, ಸೂಜಿ, ರೊಟ್ಟಿ. ಇದೇ ಸಾಲು, ಹಿಂದುಮುಂದಾಗಬಾರದು. ನಾನು ನರ್ಸಿಂಗ್ ಕಲಿತ ಕಡೆ ಮೇಟ್ರನ್ ಬಾಯಿಯವರು ಹಾಸಿಗೆಯ ಚಾದರದ ಮಡಿಕೆಯನ್ನು ಗೇಣು ಹಾಕಿ ನೋಡುತ್ತಿದ್ದರು. ಒಮ್ಮೆ ಕೈಗೆ ಕೂತ ಕೆಲಸ ತಲೆ ಮರೆತರೂ ಕೈ ಮರೆಯುವುದಿಲ್ಲ ಎಂಬುದು ಅವರ ನಂಬಿಕೆ. ನನ್ನದೂ ಅದೇ. ತಾಯಿ ಆ ಮೂರು ಶಬ್ದಗಳನ್ನು ಹಾಡಿನಂತೆ ಹಿಡಿದರು. ಎರಡು ವರ್ಷ ಒಂದು ದಿನವೂ ತಪ್ಪಲಿಲ್ಲ.

ಎಂಬತ್ತರ ದಶಕದ ಒಂದು ಎಳ್ಳಮವಾಸ್ಯೆಯ ಮುಂಚೆ ಅವರು ಬಂದು ಒಂದು ಮಾತು ಹೇಳಿದರು.

"ಬಾಯಾರ, ನಾ ಲಂಡನ್ನಿಗೆ ಹೊಂಟೀನ್ರಿ."

ಬಾಜೂಕ್ಕೆ ನೆಲ ಒರೆಸುತ್ತಿದ್ದ ನಮ್ಮ ಆಸ್ಪತ್ರೆಯ ಆಯಾ ಅರಿವೆ ಹಿಂಡುವುದನ್ನು ಬಿಟ್ಟು ನಿಂತಳು. "ಬಾಜೂ ಊರು ಸಂಶೀಗೆ ಹೊಂಟೀನಿ ಅಂದಂಗ ಅಂತೀರಲ್ರಿ ಅವ್ವಾರ!"

ಅವರ ಒಬ್ಬಳೇ ಮಗಳು ಲಂಡನ್ನಿನಲ್ಲಿದ್ದಳು. ಅಳಿಯ ಅಲ್ಲಿ ಒಂದು ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವ ಕೆಲಸದಲ್ಲಿದ್ದ. ಅವಳಿಗೆ ಎರಡು ಸಲ ಬಸಿರು ನಿಂತಿರಲಿಲ್ಲ. ಮೂರನೆಯದಕ್ಕೆ ಏಳು ತಿಂಗಳು ತುಂಬುತ್ತಿತ್ತು. ತವರಿಗೆ ಹೋಗಲು ಅಲ್ಲಿಯ ಡಾಕ್ಟರು ಬಿಡಲಿಲ್ಲವಾದ್ದರಿಂದ, ತವರೇ ಇಲ್ಲಿಗೆ ಬರಲಿ ಎಂದು ತಾಯಿಗೆ ಟಿಕೆಟ್ ಕಳಿಸಿದ್ದಳು. ತಾಯಿಗೆ ಗಂಡನಿಲ್ಲ, ಅಣ್ಣನ ತುಂಬಿದ ಮನೆಯಲ್ಲಿ ಇದ್ದರು. ಅವರ ಅಣ್ಣನ ಮಗ, ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದವ, ಮುಂಬಯಿ ತನಕ ಹೋಗಿ ವಿಮಾನ ಹತ್ತಿಸಿ ಬರುವುದೆಂದು ಠರಾವಾಗಿತ್ತು. ಅಲ್ಲಿಂದ ಮುಂದೆ ಒಬ್ಬರೇ.

ನಮ್ಮ ವೈದ್ಯರು ಒಂದೇ ಮಾತು ಹೇಳಿದರು. "ತಮ್ಮ ಸೂಜಿ ತಾವ ಮಾಡ್ಕೊಳ್ಳಾಕ ಬಂದ್ರ ಹೋಗ್ಲಿ. ಬರಲಿಲ್ಲಂದ್ರ ನಾ ಸಹಿ ಮಾಡೂದಿಲ್ಲ. ಸಿಸ್ಟರ್, ಅವರನ್ನ ತಯಾರ ಮಾಡೂದು ನಿಮ್ಮ ಜವಾಬ್ದಾರಿ."

ಹೀಗೆ ನನ್ನ ಕೆಲಸ ಶುರುವಾಯಿತು. ಮೊದಲು ಮೂಸಂಬಿ ಹಣ್ಣಿಗೆ ಚುಚ್ಚಿಸಿದೆ. ಜೀವಮಾನವಿಡೀ ಕೌದಿ ಹೊಲಿದ ಕೈ. ಸೂಜಿಗೆ ಹೆದರುವ ಮಾತೇ ಇರಲಿಲ್ಲ. ತೊಂದರೆ ಬಂದದ್ದೂ ಅಲ್ಲಿಂದಲೇ. ಅವರು ಸೂಜಿಯನ್ನು ಅಡ್ಡ ಹಾಕಿ, ಸಿಪ್ಪೆಯ ಕೆಳಗೆ ತೂರಿಸಿ, ಆಚೆ ಕಡೆ ತೆಗೆಯಲು ನೋಡುತ್ತಿದ್ದರು.

"ಅವ್ವಾರ, ಟಾಕಾ ಹಾಕಬ್ಯಾಡ್ರಿ. ಒಳಗ ಹೋದ ಸೂಜಿ ಹೋದ ದಾರೀಲೇ ಹೊರಗ ಬರಬೇಕು."

"ದಾರಾ ಇಲ್ಲದ ಸೂಜಿ ನಾ ಎಂದ ಹಿಡದೀನ್ರಿ? ತಡೀರಿ, ಕೈಗೆ ತಿಳೀಲಿ."

ಕೆಲವು ದಿನಗಳಲ್ಲಿ ಕೈಗೆ ತಿಳಿಯಿತು. ಇನ್ನೊಂದು ಅಡಚಣೆ ಅಳತೆಯದು. ಅವರಿಗೆ ಅಂಕಿ ಓದಲು ಬರುತ್ತಿರಲಿಲ್ಲ. ಸಿರಿಂಜಿಗೆ ಕೆಂಪು ದಾರ ಕಟ್ಟಿದೆ. ಕುದಿಸಿದಾಗ ಸಡಿಲಾಗಿ ಜಾರಿತು. ಕೊನೆಗೆ ಔಷಧದ ಗಾಜಿನ ಕುತ್ತಿಗೆ ಕೊಯ್ಯುವ ಸಣ್ಣ ಅರದಿಂದ ಸಿರಿಂಜಿನ ಮೇಲೆ ಅವರ ಅಳತೆಗೆ ಸರಿಯಾಗಿ ಒಂದು ಗೀರು ಹಾಕಿದೆ. ಉಗುರು ಅಲ್ಲಿ ತಡೆಯುತ್ತಿತ್ತು. ಕಣ್ಣು ಮುಚ್ಚಿಯೂ ಅವರು ಅಳತೆ ತಪ್ಪುತ್ತಿರಲಿಲ್ಲ. ಗುಳ್ಳೆ ಬಂದರೆ ಗಾಜಿಗೆ ಉಗುರಿನಿಂದ ತಟ್ಟಿ ಮೇಲೆ ಕಳಿಸುವುದನ್ನು ಕಲಿತರು. ಲಂಡನ್ನಿನ ಇನ್ಸುಲಿನ್ ನಮ್ಮದಕ್ಕಿಂತ ಬಹಳ ಗಟ್ಟಿ, ಈ ಸಿರಿಂಜಿನಲ್ಲಿ ಅದನ್ನು ಎಳೆಯಲೇಬಾರದು ಎಂದು ವೈದ್ಯರು ಎಚ್ಚರಿಸಿದ್ದರಿಂದ, ಸಾಕಾಗುವಷ್ಟು ಸೀಸೆಗಳನ್ನು ಇಲ್ಲಿಂದಲೇ ಕಟ್ಟಿಕೊಡುವ ವ್ಯವಸ್ಥೆ ಮಾಡಿದೆ.

ಉಳಿದದ್ದು ಪ್ರಯಾಣದ ದಿನದ ಲೆಕ್ಕ. ಅಣ್ಣನ ಮಗ ಟಿಕೆಟ್ ತಂದು ಮೇಜಿನ ಮೇಲೆ ಹರಡಿದ.

"ಮುಂಬೈ ಬಿಡೂದು ರಾತ್ರಿ ಎರಡೂವರೀಕ, ಲಂಡನ್ ಮುಟ್ಟೂದು ಮುಂಜಾನಿ ಏಳಕ್ಕ. ನಾಲ್ಕೂವರಿ ತಾಸ್ರಿ, ಬಾಯಾರ. ಇಲ್ಲಿಂದ ಬಸ್ಸಿನ್ಯಾಗ ಬೆಳಗಾವಿಗೆ ಹೋದಂಗ."

"ಎಷ್ಟ ಹರದಾರಿ ಆಕ್ಕೈತೋ?" ಎಂದು ತಾಯಿ ಕೇಳಿದರು.

ಅವನು ಬೆರಳು ಮಡಿಚಿ, ಮೂರು ಮೈಲಿಗೆ ಒಂದರಂತೆ ಮೈಲುಗಳನ್ನು ಹರದಾರಿಗೆ ಇಳಿಸಿದ. "ಒಂದೂವರಿ ಸಾವಿರ ಹರದಾರಿ ಆಕ್ಕೈತಿ ನೋಡತ್ತಿ."

"ನಾಲ್ಕೂವರಿ ತಾಸಿನ್ಯಾಗ? ಮೈ ಮುಂದ ಹೋಗಿ ಜೀವಾ ಹಿಂದ ಉಳದೀತೋ ತಮ್ಮಾ."

ನಾವೆಲ್ಲ ನಕ್ಕೆವು. ನನಗೂ ಸಮಾಧಾನವಾಯಿತು. ಹಿಂದಿನ ದಿನ ಮುಂಬಯಿಯಲ್ಲಿ ಮುಂಜಾನೆಯ ಸೂಜಿ; ರಾತ್ರಿ ವಿಮಾನ; ಏಳಕ್ಕೆ ಇಳಿದು ಮಗಳ ಮನೆಯಲ್ಲಿ ಪೂಜೆ, ಸೂಜಿ, ರೊಟ್ಟಿ. ಊರಿನ ಹೊತ್ತಿಗೇ ಸರಿಯಾಗಿ ಬರುತ್ತದೆ. ವಿಮಾನದಲ್ಲಿ ಮಾಡಬೇಕಾದದ್ದು ಏನೂ ಇಲ್ಲ ಎಂದುಕೊಂಡೆ.

ಮುಂದಿನ ರವಿವಾರ ಮಗಳು ಫೋನು ಮಾಡುವವಳಿದ್ದಳು. ಅವರ ಓಣಿಯಲ್ಲಿ ಫೋನು ಇದ್ದದ್ದು ಮೆಣಸಿನಕಾಯಿ ವ್ಯಾಪಾರಿಯ ಅಂಗಡಿಯಲ್ಲಿ ಮಾತ್ರ. ಔಷಧದ ಬಗ್ಗೆ ನನ್ನೊಡನೆಯೂ ಮಾತಾಡಬೇಕೆಂದು ಹೇಳಿ ಕಳಿಸಿದ್ದಳಾದ್ದರಿಂದ ನಾನೂ ಹೋದೆ. ಹೊಸ ಮೆಣಸಿನಕಾಯಿ ಬರುವ ಕಾಲ. ಒಳಗೆ ಕಾಲಿಟ್ಟವರಿಗೆಲ್ಲ ಸೀನು. ವ್ಯಾಪಾರಿ ದೇವರ ಮುಂದೆ ಸಂಜೆಯ ದೀಪ ಹಚ್ಚಿ ಕೈ ಮುಗಿಯುತ್ತಿದ್ದಾಗ ಫೋನು ಬಡಿಯಿತು. ತಾಯಿ ರಿಸೀವರನ್ನು ಕಿವಿಯಿಂದ ಗೇಣು ದೂರ ಹಿಡಿದಿದ್ದರಿಂದ ಮಗಳ ಧ್ವನಿ ನಮಗೂ ಕೇಳುತ್ತಿತ್ತು.

"ಊಟ ಆತೇನವಾ?" ಎಂದರು ತಾಯಿ.

"ಇನ್ನ ಇಲ್ಲವ್ವಾ. ಅನ್ನಕ್ಕ ಇಟ್ಟೀನಿ. ಈಗರ ಮಧ್ಯಾಹ್ನ ಹನ್ನೆರಡೂವರಿ ಆಗೈತಿ."

"ಏನಂದಿ? ಇಲ್ಲಿ ದೀಪಾ ಹಚ್ಚಾಕತ್ತಾರ! ತುಂಬಿದ ಬಸರಿ, ಮುಂಜಾನಿಂದ ಉಪಾಸ ಕುಂತೀಯೇನ? ನಿನ್ನ ಗಂಡಗ ಕಣ್ಣಿಲ್ಲೇನು?"

"ಅವ್ವಾ, ಇಲ್ಲಿ ಸೂರ್ಯಾ ತಡಾ ಬರ್ತಾನವ್ವಾ."

"ಸೂರ್ಯಾಗೂ ಆ ಊರಿನ ಗಾಳಿ ಬಡೀತೇನ!"

ಅಂಗಡಿಯಲ್ಲಿದ್ದವರೆಲ್ಲ ಸೀನುತ್ತ ನಕ್ಕರು. ನಾನು ದೇವರ ಮುಂದಿನ ದೀಪ ನೋಡುತ್ತ ನಿಂತೆ. ಇಲ್ಲಿ ಸಂಜೆ ಆರು, ಅಲ್ಲಿ ಮಧ್ಯಾಹ್ನ ಹನ್ನೆರಡೂವರೆ. ನಡುವೆ ಐದೂವರೆ ತಾಸು. ಟಿಕೆಟ್ಟಿನಲ್ಲಿ ಎರಡೂವರೆ ಎಂದದ್ದು ನಮ್ಮ ಗಡಿಯಾರ. ಏಳು ಎಂದದ್ದು ಅವರ ಗಡಿಯಾರ. ಅಂದರೆ ಪ್ರಯಾಣ ನಾಲ್ಕೂವರೆ ತಾಸಲ್ಲ, ಹತ್ತು ತಾಸು. ಆ ತಾಯಿ ಲಂಡನ್ನಿನ ನೆಲ ಮುಟ್ಟುವಾಗ ಅವರ ಹೊಟ್ಟೆಗೆ, ಅವರ ರಕ್ತಕ್ಕೆ ಮಧ್ಯಾಹ್ನ ಆಗಿ ಹೋಗಿರುತ್ತದೆ. ನಾನು ಕಟ್ಟಿಕೊಟ್ಟ ದಿನಚರಿ ಅಲ್ಲಿಗೆ ಮುರಿಯಿತು.

ಮರುದಿನ ಅಣ್ಣನ ಮಗನಿಗೆ ತಿಳಿಸಿ ಹೇಳಿದೆ. ಅವನು ತಲೆ ಕೆರೆದುಕೊಂಡ. "ಒಂದ ಟಿಕೀಟಿನ್ಯಾಗ ಎರಡ ಗಡಿಯಾರ ಬರದ್ರ ಮನಷ್ಯಾ ಹೆಂಗ ಓದಬೇಕ್ರಿ?" ಅವನ ಮಾತೂ ಖರೆ.

ಹೊಸ ದಾರಿ ಹುಡುಕಿದೆ. ಊರಿನ ಹೊತ್ತನ್ನೇ ಹಿಡಿದುಕೊಂಡು ಹೋಗುವುದು. ತಾಯಿಯ ಹತ್ತಿರ ಗಂಡನ ಹಳೆಯ ಕೈಗಡಿಯಾರ ಇತ್ತು. ಅದರ ಗಾಜಿನ ಮೇಲೆ ಏಳರ ಎದುರಿಗೆ ಉಗುರಿನ ಬಣ್ಣದಿಂದ ಕೆಂಪು ಬೊಟ್ಟು ಇಟ್ಟೆ. ಸಣ್ಣ ಮುಳ್ಳು ಬೊಟ್ಟಿಗೆ ಬಂದಾಗ, ಹೊರಗೆ ಎಷ್ಟೇ ಕತ್ತಲಿರಲಿ, ಅದೇ ಮುಂಜಾನೆ. ನೀರಿನ ಸ್ನಾನ ಆಗದಿದ್ದರೆ ವಿಭೂತಿಯ ಸ್ನಾನ ನಡೆಯುತ್ತದೆ ಎಂದು ಅವರೇ ಹೇಳಿದರು. ಕೂತಲ್ಲೇ ಪೂಜೆ, ಆಮೇಲೆ ಸೂಜಿ, ಆಮೇಲೆ ಕಟ್ಟಿಕೊಂಡು ಹೋದ ರೊಟ್ಟಿ. ವಾರವಿಡೀ ಮುಳ್ಳು ನೋಡುವುದನ್ನು ಕಲಿಸಿದೆ. ಕಲಿತರು.

ಆದರೂ ನೋಡಿ ತಿಳಿಯದ ಕೆಲಸವನ್ನು ಮಾಡಿ ನೋಡಬೇಕು. ಹೊರಡುವುದಕ್ಕೆ ಕೆಲವೇ ದಿನ ಇರುವಾಗ ಒಂದು ತಾಲೀಮು ಇಟ್ಟೆ. ಔಷಧ ಇಡುವ ಕೋಣೆಯ ಕಿಟಕಿ ಮುಚ್ಚಿಸಿ, ಸಾಲಾಗಿ ಎರಡು ಕುರ್ಚಿ ಹಾಕಿಸಿದೆ. ತಾಯಿ ನಸುಕಿನಲ್ಲೇ ಪೂಜೆ ಮಾಡದೆ ಬಂದು ಕೂತರು. ಆಯಾ ಅವರ ನಡುವಿಗೆ ಬ್ಯಾಂಡೇಜಿನ ಪಟ್ಟಿ ಬಿಗಿದಳು.

"ಇಮಾನದಾಗ ಹಿಂಗ ಕಟ್ಟಿ ಹಾಕ್ತಾರಂತ್ರಿ ಅವ್ವಾರ."

"ಯಾಕಬೇ, ನಾ ಏನ ಹಾಯೂ ಎಮ್ಮೀನ?"

ಗಡಿಯಾರದ ಮುಳ್ಳು ಬೊಟ್ಟಿಗೆ ಬಂತು. ಕೋಣೆಯ ಮಬ್ಬಿನಲ್ಲಿ ತಾಯಿ ವಿಭೂತಿ ಹಚ್ಚಿಕೊಂಡರು, ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡಿದರು. ಸಿರಿಂಜಿನ ಡಬ್ಬಿ ತೆರೆದು, ಉಗುರಿನಿಂದ ಗೀರು ನೋಡಿ, ಆ ದಿನದ ನಿಜವಾದ ಇನ್ಸುಲಿನ್ನನ್ನು ತಾವೇ ತೊಡೆಗೆ ಚುಚ್ಚಿಕೊಂಡರು. ರೊಟ್ಟಿ ತಿಂದರು. ಒಂದು ತಪ್ಪಿಲ್ಲ. ನಾನು ಮನಸ್ಸಿನಲ್ಲೇ ವೈದ್ಯರ ಸಹಿ ಹಾಕಿಸಿಬಿಟ್ಟೆ.

ಬಹಳ ಹೊತ್ತು ಅವರನ್ನು ಹಾಗೇ ಕೂಡಿಸಿದೆವು. ಆಮೇಲೆ ಆಯಾ "ಲಂಡನ್ ಬಂತ್ರಿ, ಇಳೀರಿ!" ಎಂದು ಕಿಟಕಿ ತೆರೆದಳು. ಬಿಸಿಲು ಬಂದು ಅವರ ಮುಖಕ್ಕೆ ಬಿತ್ತು. ತಾಯಿ ಎದ್ದು ಹಿತ್ತಲಿನ ನಳಕ್ಕೆ ಹೋಗಿ ಕೈಕಾಲು ಮುಖ ತೊಳೆದುಕೊಂಡು ಬಂದರು. ವಿಭೂತಿಯ ಸ್ನಾನದ ಪೂಜೆ ಪೂರ್ತಿ ಆದಂತೆ ಅವರಿಗೆ ಅನ್ನಿಸಿರಲಿಲ್ಲವೇನೋ. ಬಿಸಿಲಿಗೆ ಮುಖ ಮಾಡಿ ಕೂತು ಇನ್ನೊಮ್ಮೆ ಪೂಜೆ ಮಾಡಿದರು. ನಾನು ಅಡ್ಡ ಬರಲಿಲ್ಲ, ಪೂಜೆಗೆ ಲೆಕ್ಕವೇನು? ಲಿಂಗವನ್ನು ಮತ್ತೆ ಕೊರಳಿಗೆ ಸೇರಿಸಿದರು. ಅದೇ ಕೈ ಮುಂದೆ ಹೋಗಿ ಡಬ್ಬಿ ತೆರೆಯಿತು, ಸೀಸೆ ತಲೆಕೆಳಗೆ ಮಾಡಿತು, ಗೀರಿನ ತನಕ ಔಷಧ ಎಳೆಯಿತು. ಸೂಜಿ ತೊಡೆಯ ಹತ್ತಿರ ಬಂದಾಗ ನಾನು ಅವರ ಮಣಿಕಟ್ಟು ಹಿಡಿದೆ.

"ಅವ್ವಾರ! ಏನ ಮಾಡಾಕತ್ತೀರಿ?"

ಅವರು ನನ್ನ ಮುಖ ನೋಡಿದರು. "ಯಾಕ್ರಿ? ಪೂಜಿ ಆತಲ್ರಿ."

ಆಮೇಲೆ ಕೈಯಲ್ಲಿದ್ದ ಸಿರಿಂಜು ನೋಡಿದರು. ಅದನ್ನು ಡಬ್ಬಿಯೊಳಗೆ ಹಾಕಿಬಿಟ್ಟರು. "ಯವ್ವಾ, ನಾ ಏನ ಮಾಡಾಕಿದ್ದೆ!"

ಆಯಾ ನಗು ನಿಲ್ಲಿಸಿ ಗೋಡೆಗೆ ಒರಗಿದಳು. ಒಂದೇ ಮುಂಜಾನೆ ಎರಡು ಅಳತೆ ಮೈಗೆ ಹೋಗಿದ್ದರೆ ಮಧ್ಯಾಹ್ನದ ಹೊತ್ತಿಗೆ ಬೆವತು, ಬುದ್ಧಿ ಮಂಕಾಗಿ ನೆಲಕ್ಕೆ ಬೀಳುತ್ತಿದ್ದರು. ಇಲ್ಲಿ ನಾವಿದ್ದೆವು. ಅಲ್ಲಿ ನಿದ್ದೆಗೆಟ್ಟು ಬಂದವರು ಮಲಗಿದ್ದಾರೆ ಎಂದು ಮಗಳು ಬಾಗಿಲು ಮುಂದೆ ಮಾಡಿ ಸುಮ್ಮನಾಗುತ್ತಿದ್ದಳು.

ಎರಡು ದಿನ ತಿದ್ದಲು ನೋಡಿದೆ. "ಪೂಜಿ ಹತ್ತ ಸಲ ಮಾಡ್ರಿ, ಸೂಜಿ ಒಂದ ಸಲ" ಎಂದು ಹೇಳಿಸಿದೆ. ಅವರು ಸರಿಯಾಗಿ ಒಪ್ಪಿಸಿದರು. ಆದರೆ ನೀರು ತುಂಬಿದ ಸೀಸೆ ಕೊಟ್ಟು ನೋಡಿದಾಗ, ಮುಂಜಾನೆಯ ಪೂಜೆ ಮುಗಿದ ಕೂಡಲೇ ಕೈ ತಾನಾಗಿ ಡಬ್ಬಿಯ ಕಡೆ ಹೊರಳುತ್ತಿತ್ತು; ಸಂಜೆ ಮನೆಯಲ್ಲಿ ಮಾಡುವ ಪೂಜೆಗೆ ಮಾತ್ರ ಈ ರೂಢಿ ಅಂಟಿರಲಿಲ್ಲ. ಎರಡು ವರ್ಷ ದಿನಾ ಕಟ್ಟಿದ ಗಂಟು ಎರಡು ದಿನದಲ್ಲಿ ಬಿಚ್ಚುವಂಥದ್ದಲ್ಲ. ತಾಯಿಗೂ ಅದು ಗೊತ್ತಾಯಿತು.

"ನಾ ಹೋಗೂದು ಬ್ಯಾಡ ಅಂತೀರೇನ್ರಿ?" ಎಂದರು. ಧ್ವನಿ ಸಣ್ಣದಾಗಿತ್ತು. "ಎರಡ ಸಲಾನೂ ಆಕಿ ಒಬ್ಬಾಕಿನ ಅತ್ತಾಳ್ರಿ ಅಲ್ಲಿ. ಫೋನಿನ್ಯಾಗ ನಕ್ಕೋತ ಮಾತಾಡ್ತಾಳು, ನನಗ ತಿಳೀತದ."

ನಾನು ಎದ್ದು ವೈದ್ಯರ ಕೋಣೆಗೆ ಹೋದೆ. ದಾರಿಯಲ್ಲೇ ನಿರ್ಧಾರ ಆಗಿತ್ತು. ಅವರ ರೂಢಿಯನ್ನು ಪ್ರಯಾಣಕ್ಕೆ ಹೊಂದಿಸಲು ಆಗದಿದ್ದರೆ ಪ್ರಯಾಣವನ್ನು ರೂಢಿಗೆ ಹೊಂದಿಸಬೇಕು. ಗಡಿಯಾರ ಬೇಡ. ವಿಮಾನದಲ್ಲಿ ಸೂಜಿಯೂ ಬೇಡ. ಲಂಡನ್ನಿನಲ್ಲಿ ಬೆಳಗಾದ ಮೇಲೆ ಒಂದೇ ಪೂಜೆ, ಒಂದೇ ಸೂಜಿ. ಆರೇಳು ತಾಸು ತಡವಾಗುತ್ತದೆ, ಆಗಲಿ.

ವೈದ್ಯರು ಪೆನ್ನು ಕೆಳಗಿಟ್ಟು ಯೋಚಿಸಿದರು. "ತಡಾ ಆದ್ರ ಸಕ್ರಿ ಏರ್ತದ. ಒಂದ ದಿನ ಏರಿದ್ರ ಏನೂ ಆಗೂದಿಲ್ಲ. ಇಳದ್ರ ಮಾತ್ರ ಯಾರ ಕೈಯಾಗೂ ಇರೂದಿಲ್ಲ. ನಿಮ್ಮ ವಿಚಾರ ಬರೋಬ್ಬರಿ ಐತಿ, ಸಿಸ್ಟರ್. ಆದ್ರ ಅಷ್ಟ ತಾಸು ಅವರು ಏನೂ ತಿನ್ನೂದಿಲ್ಲಲ್ಲ? ಹಿಂದಿನ ದಿನದ ಔಷಧ ಇನ್ನೂ ಮೈಯಾಗ ಸ್ವಲ್ಪ ಇರ್ತದ. ಬೆಲ್ಲಾ ಕೊಟ್ಟು ಕಳಸ್ರಿ."

ಬೆಲ್ಲ ಕೊಡುವುದು ಸುಲಭ. ಪೂಜೆಗೆ ಮುಂಚೆ ತಿನ್ನಿಸುವುದು ಹೇಗೆ? ತಾಯಿಗೆ ಹೇಳಿದೆ: ಮೈ ಬೆವತರೆ, ಕೈ ನಡುಗಿದರೆ, ಮೊದಲು ಬೆಲ್ಲ, ಆಮೇಲೆ ದೇವರು.

"ಅದೊಂದ ಹೇಳಬ್ಯಾಡ್ರಿ ಬಾಯಾರ. ಲಿಂಗಕ್ಕ ತೋರಸಲಾರದ್ದು ನನ್ನ ಬಾಯಾಗ ಹೋಗೂದಿಲ್ಲ. ಸತ್ರೂ ಇಲ್ಲ."

ನನಗೆ ಸಿಟ್ಟು ಬಂತು. "ಸತ್ರ ಬಾಣಂತನ ಯಾರ ಮಾಡ್ತಾರ?"

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ ಅವರೇ ಒಂದು ದಾರಿ ಹೇಳಿದರು. "ಮುಂಬೈಯಾಗ ಸಂಜಿ ಪೂಜಿ ಮಾಡ್ತೀನಲ್ರಿ. ಆವಾಗ ಬೆಲ್ಲಾ ಲಿಂಗಕ್ಕ ತೋರಿಸಿ ಸೆರಗಿಗೆ ಕಟ್ಕೋತೀನಿ. ಆಮ್ಯಾಲೆ ಅದು ಬೆಲ್ಲ ಅಲ್ರಿ, ಪ್ರಸಾದ. ಪ್ರಸಾದಕ್ಕ ಹೊತ್ತಿಲ್ಲ."

ನಾನು ಅಲ್ಲೇ ಎದ್ದು ಅಂಗಡಿಗೆ ಆಳು ಕಳಿಸಿ ಬೆಲ್ಲ ತರಿಸಿದೆ.

ಇನ್ನು ಸಾಮಾನು. ಸಿರಿಂಜಿನ ಡಬ್ಬಿಯನ್ನು ವಿಮಾನದ ಹೊಟ್ಟೆಗೆ ಹೋಗುವ ದೊಡ್ಡ ಟ್ರಂಕಿನಲ್ಲಿ ಹಾಕಿಸಿದೆ, ಕೈಗೆ ಸಿಗಲೇಬಾರದು. ಔಷಧದ ಸೀಸೆಗಳನ್ನು ಅಲ್ಲಿಡುವಂತಿಲ್ಲ, ಕೆಳಗೆ ಚಳಿಗೆ ಹೆಪ್ಪುಗಟ್ಟಿದರೆ ಕೆಟ್ಟುಹೋಗುತ್ತವೆ. ಅವು ಅಗಲ ಬಾಯಿಯ ಫ್ಲಾಸ್ಕಿನಲ್ಲಿ ಅವರ ಮಡಿಲಲ್ಲಿ. ಔಷಧ ಮೇಲೆ, ಸೂಜಿ ಕೆಳಗೆ. ಮಗಳ ಮನೆಯಲ್ಲೇ ಎರಡೂ ಕೂಡಬೇಕು. ಕೈಗಡಿಯಾರದ ಕೆಂಪು ಬೊಟ್ಟನ್ನು ಸ್ಪಿರಿಟ್ಟಿನಿಂದ ಒರೆಸಿದೆ.

"ಹಂಗಾದ್ರ ಮುಂಜಾನಿ ಆತಂತ ನನಗ ಹೆಂಗ ತಿಳೀಬೇಕ್ರಿ?" ಎಂದು ಕೇಳಿದರು.

"ಇಲ್ಲಿ ಹೆಂಗ ತಿಳೀತದ? ಸೂರ್ಯಾನ್ನ ನೋಡ್ರಿ. ಸೂರ್ಯಾ ಬಂದ ಮ್ಯಾಲೆ ಪೂಜಿ, ಸೂಜಿ, ರೊಟ್ಟಿ. ನಿಮ್ಮ ನೇಮ ನಿಮಗ."

ಅವರ ಮುಖ ಅರಳಿತು. ಕಲಿತದ್ದನ್ನು ಬಿಡು ಎಂದವರೇ ಮತ್ತೆ ಹಿಡಿ ಅಂದರೆ ಆಗುವಂಥ ಸಂತೋಷ.

ಎಳ್ಳಮವಾಸ್ಯೆ ಮುಗಿಸಿಕೊಂಡು ಅವರು ಹೊರಟರು. ಲಂಡನ್ ಮುಟ್ಟಿದ ದಿನವೇ, ನಮ್ಮಲ್ಲಿ ದೀಪ ಹಚ್ಚುವ ಹೊತ್ತಿಗೆ ಫೋನು ಮಾಡುವುದಾಗಿ ಮಗಳು ಹೇಳಿದ್ದಳು. ಆ ದಿನ ನಾನು ಡ್ಯೂಟಿ ಮುಗಿಸಿ ನೇರವಾಗಿ ಮೆಣಸಿನಕಾಯಿ ಅಂಗಡಿಗೆ ಹೋದೆ. ಆಯಾ ನನ್ನ ಹಿಂದೆಯೇ ಬಂದಳು. ದೀಪ ಹಚ್ಚಿದ್ದಾಯಿತು, ಊದುಬತ್ತಿ ಉರಿದು ಬೂದಿ ಉದುರಿತು, ಫೋನು ಬರಲಿಲ್ಲ. ವ್ಯಾಪಾರಿ ಚಹಾ ತರಿಸಿದ. ನಾನು ಮುಟ್ಟಲಿಲ್ಲ. ಮಧ್ಯಾಹ್ನದಿಂದಲೂ ಒಂದೇ ಯೋಚನೆ ಕಾಡುತ್ತಿತ್ತು: ಎಲ್ಲವನ್ನೂ ಸೂರ್ಯನ ಮೇಲೆ ಬಿಟ್ಟೆನಲ್ಲ, ಆ ಊರಿನಲ್ಲಿ ಚಳಿಗಾಲದಲ್ಲಿ ಸೂರ್ಯ ಕಾಣುತ್ತಾನೆಯೇ ಎಂದು ಯಾರನ್ನೂ ಕೇಳಲಿಲ್ಲ.

ಫೋನು ಬಡಿದಾಗ ವ್ಯಾಪಾರಿಗಿಂತ ಮೊದಲು ನಾನೇ ಎತ್ತಿದೆ.

"ಬಾಯಾರ?" ತಾಯಿಯದೇ ಧ್ವನಿ. ಮಾತು ಸ್ಪಷ್ಟವಾಗಿತ್ತು. ನಾನು ಸ್ಟೂಲಿನ ಮೇಲೆ ಕೂತೆ. "ಸೂರ್ಯಾ ಬರಲೇ ಇಲ್ರಿ ಬಾಯಾರ! ಬರೀ ಮಂಜು. ಕಿಡಕ್ಯಾಗ ಕುಂತ ಕುಂತ ಸಾಕಾತು. ಮಗಳು ಮುಂಜಾನಿ ಆಗೈತಿ ಪೂಜಿ ಮಾಡವ್ವಾ ಅಂತಾಳು, ನಾ ಎಲ್ಲಿ ಐತಿ ಮುಂಜಾನಿ ತೋರಸು ಅಂತೀನಿ."

"ಆಮ್ಯಾಲ್ರಿ? ಸೂಜಿ?"

"ತಡೀರಿ, ಹೇಳ್ತೀನಿ. ಆಕಿ ನನ್ನ ಜೋಡಿ ವಾದಾ ಮಾಡಿ ಸಾಕಾಗಿ ಒಳಗ ಹೋದ್ಲು. ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯೂ ಸಪ್ಪಳ ಬಂತ್ರಿ. ನಾ ಕಟ್ಟಿ ಒಯ್ದ ಹಿಟ್ಟು. ಆ ಸಪ್ಪಳ ಕೇಳಿದ್ನೋ ಇಲ್ಲೋ, ಮುಂಜಾನಿ ಆತು ಅಂತ ತಿಳೀತು ನೋಡ್ರಿ. ಎದ್ದು ಜಳಕಾ ಮಾಡಿ, ಪೂಜಿ ಮಾಡಿ, ಸೂಜಿ ಮಾಡ್ಕೊಂಡೆ. ಆಕಿ ಎದುರಿಗೆ ನಿಂತಿದ್ಲು. ಒಂದ ಸಲ. ರೊಟ್ಟಿ ತಿಂದೆ."

"ವಿಮಾನದಾಗ ಏನಾರ ಆತೇನ್ರಿ?"

"ನಸುಕಿನ್ಯಾಗ ಮೈ ಬೆವತು ಕೈ ನಡಗಿದ್ವು. ಸೆರಗಿನ ಪ್ರಸಾದ ಬಾಯಾಗ ಹಾಕ್ಕೊಂಡೆ. ನಿಂತಿತು."

ಹಿಂದಿನಿಂದ ಮಗಳ ನಗು ಕೇಳಿತು. ರೊಟ್ಟಿಯ ಸಪ್ಪಳಕ್ಕೆ ಕೆಳಗಿನ ಮನೆಯಾತ ಮೇಲೆ ಬಂದು, ಏನನ್ನು ರಿಪೇರಿ ಮಾಡುತ್ತಿದ್ದೀರಿ ಎಂದು ಕೇಳಿ ಹೋದನಂತೆ. ಅವನಿಗೂ ಒಂದು ರೊಟ್ಟಿ ಕೊಟ್ಟು ಕಳಿಸಿದರಂತೆ.

"ಈಗ ಊಟ ಆತೇನ್ರಿ?" ಎಂದು ಕೇಳಿದೆ.

"ಎಲ್ಲಿ ಊಟ ಬಾಯಾರ? ಈಗರ ಮುಂಜಾನಿ ನ್ಯಾರಿ ಮುಗಸೀನಿ. ನಿಮ್ಮಲ್ಲಿ ದೀಪಾ ಹಚ್ಚಿದ್ರೇನು? ನಾ ದೀಪಾ ಹಚ್ಚೂ ಹೊತ್ತಿನ್ಯಾಗ ನ್ಯಾರಿ ಮಾಡಾಕಿ ಆಗೇನಿ ನೋಡ್ರಿ!"

ಚಹಾ ಆರಿತ್ತು. ಹಾಗೇ ಕುಡಿದೆ.

ಎರಡು ತಿಂಗಳ ಮೇಲೆ ಹೆರಿಗೆ ಸುಸೂತ್ರವಾಗಿ ಹೆಣ್ಣು ಕೂಸು ಹುಟ್ಟಿದ ಸುದ್ದಿ ಬಂತು. ಅದೇ ವಾರ ಆಸ್ಪತ್ರೆಗೆ ಸಕ್ಕರೆ ರೋಗದ ಹೊಸ ರೋಗಿಯೊಬ್ಬರು ಬಂದರು, ಅವರೂ ಪೂಜೆ ಬಿಡದವರು. ಸೂಜಿ ಯಾವಾಗ ಮಾಡಬೇಕೆಂದು ಕೇಳಿದರು. ಹಳೆಯ ಸಾಲು ನಾಲಗೆಯ ತುದಿಗೆ ಬಂದಿತ್ತು. ಆದರೆ ಒಂದೇ ಮುಂಜಾನೆ ಪೂಜೆ ಎರಡು ಸಲ ಆದೀತು, ರೊಟ್ಟಿ ಬಡಿಯುವುದು ಒಂದೇ ಸಲ. ಆ ಸಾಲನ್ನು ನುಂಗಿ, "ಮೊದಲ ರೊಟ್ಟಿ ಬಡಿಯೂ ಸಪ್ಪಳ ಕೇಳಬೇಕ್ರಿ, ಆಮ್ಯಾಲೆ ಸೂಜಿ" ಎಂದೆ.